ಆಯಿ ಆರಿಸಿಕೊಂಡ ಮಾತು

ಅಣ್ಣ ಗಲ್ಫಿನಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದ. ದಡಕ್ಕೆ ಬಂದಾಗಲೆಲ್ಲ ಫೋನು ಮಾಡುತ್ತಿದ್ದವನು ಒಮ್ಮೆ ಮಾಡುವುದನ್ನೇ ಬಿಟ್ಟ. ಹೊನ್ನಾವರದ ಪಕ್ಕದ ಕಾಸರಕೋಡಿನ ನಮ್ಮ ಮನೆಯಂಗಳದಲ್ಲಿ ಮೀನು ಒಣಹಾಕುವಾಗಲೂ ಆಯಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

ಸುದ್ದಿ ಬಂದದ್ದು ಭಟ್ಕಳದಿಂದ. ಅದೇ ಬೋಟಿನಲ್ಲಿದ್ದ ಹುಡುಗನ ತಾಯಿ ಮಾತಾಡಿದರು; ಫೋನನ್ನು ಸ್ಪೀಕರಿಗೆ ಹಾಕಿದ್ದೆವು. ಬೋಟು ಗಾಳಿಗೆ ಸಿಕ್ಕಿ ಬೇರೆ ದೇಶದ ನೀರಿಗೆ ಹೋಗಿತ್ತಂತೆ. "ಎಲ್ಲರನ್ನೂ ಕೈದು ಮಾಡಿದಾರೆ, ಅಕ್ಕಾ," ಎಂದು ಅತ್ತರು.

'ಕೈದು' ಎಂಬ ಮಾತು ತಿಳಿಯದೆ ಆಯಿ ನನ್ನ ಮುಖ ನೋಡಿದಳು. "ಎಂತ ಅಂದ್ರು ಅವ್ರು?"

"ಜೈಲಿಗೆ ಹಾಕಿದ್ರಂತೆ."

"ಜೈಲು ಅನ್ಬೇಡ. ಕದ್ದವ್ರು ಹೋಗೂದು ಜೈಲಿಗೆ. ನನ್ನ ಮಗ ಸೆರೆ ಸಿಕ್ಕಿದ್ದ, ಅಷ್ಟೇ."

ನಮ್ಮ ಕಡೆ ಕುಡಿಯುವ ಹೆಂಡಕ್ಕೂ ಸೆರೆ ಅನ್ನುತ್ತಾರೆ. ಅಪ್ಪನನ್ನು ತಿಂದದ್ದೇ ಅದು. ಹಾಗಾಗಿ ಆ ಮಾತನ್ನು ಆಯಿ ಮನೆಯಲ್ಲಿ ಎತ್ತಗೊಡುತ್ತಿರಲಿಲ್ಲ. ಈಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಬರುತ್ತಿದ್ದ ಹಾಡುಗಳಲ್ಲಿ ಸೆರೆ ಸಿಕ್ಕವರೆಲ್ಲ ಕೊನೆಗೆ ಮನೆಗೆ ಬರುತ್ತಿದ್ದರು. ಮೀನು ಮಗುಚುತ್ತ ಅವನ್ನೇ ಹೇಳಿಕೊಳ್ಳುವಳು. ನಡುವೆ ಹಾಡು ಬಿಟ್ಟು ಸೊಂಟದ ಫೋನು ತೆಗೆದು ನೋಡುವಳು.

ಆ ಮಳೆಗಾಲವೆಲ್ಲ ಇಬ್ಬರು ತಾಯಂದಿರೂ ಕುಮಟೆಯ ಸರಕಾರಿ ಕಚೇರಿಗೆ ಅಲೆದರು. ಜೊತೆಗೆ ನಾನು. "ಪ್ರಯತ್ನ ನಡೀತಾ ಇದೆ" ಎಂಬ ಉತ್ತರ ಕೇಳಿಸಿಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರುತ್ತಿದ್ದೆವು. ಭಟ್ಕಳದವರು ತಿಂಡಿ ಮುಟ್ಟದೆ ಫೋನಿನಲ್ಲಿ ಮಗನ ಫೋಟೋ ನೋಡುತ್ತಿದ್ದರು. ಆಯಿ ಬನ್ಸಿನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸುತ್ತಿದ್ದಳು. "ತಿನ್ನಿ. ನಾವು ಉಪಾಸ ಬಿದ್ರೆ ಅವ್ರ ಹೊಟ್ಟೆ ತುಂಬ್ತದ?"

ಮಳೆ ನಿಂತ ಮೇಲೆ ಇಬ್ಬರ ಮಕ್ಕಳನ್ನೂ ಬಿಟ್ಟರು. ಅಣ್ಣ ಹೊನ್ನಾವರದಲ್ಲಿ ಬಸ್ಸಿಳಿದಾಗ ನಾನು ಅವನನ್ನು ಗುರುತಿಸಿದ್ದು ನಡಿಗೆಯಿಂದ. ಆಯಿ ಅವನ ಎರಡೂ ಮುಂಗೈ ಹಿಡಿದು ತಿರುಗಿಸಿ ನೋಡಿದಳು.

"ಹೊಡದ್ರ?"

"ಇಲ್ಲ ಆಯಿ. ಹೊಡೀಲಿಲ್ಲ." ಕೈ ಬಿಡಿಸಿಕೊಂಡು ಅಂದ: "ಸಮುದ್ರದ ಸದ್ದು ಕೇಳ್ತಿತ್ತು. ನೋಡೂಕೆ ಆಗ್ತಿರಲಿಲ್ಲ."

ಮನೆಯಲ್ಲಿ ನೆಂಟರು, ನೆರೆಯವರು ಕಾದಿದ್ದರು. ಆಯಿ ರಿಕ್ಷಾದವನಿಗೆ ಮನೆಯ ದಾರಿ ಹೇಳಲಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ತಿರುಗಿಸು ಎಂದಳು. ಅಣ್ಣ ಚಪ್ಪಲಿ ಬಿಟ್ಟು ಮೊಣಕಾಲು ಮಟ್ಟದ ನೀರಿಗಿಳಿದು, ನಮಗೆ ಬೆನ್ನು ಹಾಕಿ ನಿಂತ. ಹೊತ್ತು ಇಳಿಯುತ್ತಿತ್ತು. ನಾನು ಕೂಗಲು ಬಾಯಿ ತೆರೆದೆ. ಆಯಿ ನನ್ನ ತೋಳು ಹಿಡಿದಳು.

"ಇರ್ಲಿ ಬಿಡು. ಅವನಾಗೇ ಬರ್ಲಿ."