ನನ್ನ ಪಾಲಿನ ಆಮೆನ್

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರವತ್ತು ದಾಟಿದ, ಹುಟ್ಟಿನಿಂದ ಕ್ರೈಸ್ತನಾದ ನನಗೆ ಬೆಳಗಿನ ಪ್ರಾರ್ಥನೆ ಅರ್ಧ ಮಾತ್ರ ಬರುತ್ತದೆ. ಮೊದಲರ್ಧ ಬಂದು ಕೊನೆಯರ್ಧ ಬರದಿದ್ದರೆ ಕೂತು ಬಾಯಿಪಾಠ ಮಾಡಬಹುದಿತ್ತು. ನನ್ನ ಕಷ್ಟ ಅದಲ್ಲ. ನನಗೆ ಬರುವುದು ಒಂದು ಸಾಲು ಬಿಟ್ಟು ಒಂದು ಸಾಲು.

ನಮ್ಮದು ಆಂಗ್ಲಿಕನ್ ಸಂಪ್ರದಾಯ. ಮನಸ್ಸಿಗೆ ತೋಚಿದ್ದನ್ನೆಲ್ಲ ಕಣ್ಣು ಮುಚ್ಚಿ ದೇವರ ಮುಂದೆ ಸುರಿಯುವ ಧಾರಾಳತನ ಬೇರೆ ಸಭೆಯವರಿಗಿದೆ. ನಾವು ಸ್ವಲ್ಪ ಕಚೇರಿಯ ಜನ. ಬೆಳಿಗ್ಗೆಗೊಂದು ಕ್ರಮ, ಸಂಜೆಗೊಂದು ಕ್ರಮ, ಯಾವ ದಿನಕ್ಕೆ ಬೈಬಲಿನ ಯಾವ ಕೀರ್ತನೆ ಎನ್ನುವುದೂ ಪುಸ್ತಕದಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ನಡೆಸುವವರು ಒಂದು ಸಾಲು ಹೇಳುತ್ತಾರೆ, ಸೇರಿದವರು ಅದಕ್ಕೆ ಮರುನುಡಿಯುತ್ತಾರೆ. ಪ್ರಾರ್ಥನೆಯ ಕೊನೆಗೆ ಆಮೆನ್, ಎಂದರೆ ಹಾಗೇ ಆಗಲಿ, ಎನ್ನುವುದೂ ಸೇರಿದವರ ಪಾಲು. ಅವರು ನಮಗೆ ಒಳ್ಳೆಯದಾಗಲಿ ಎಂದು ಹಾರೈಸಿದರೆ ನಾವು ಆ ಹಾರೈಕೆಯನ್ನು ಅವರಿಗೇ ತಿರುಗಿಸಿ ಕೊಡುತ್ತೇವೆ. ಮದುವೆಮನೆಯ ಮುಯ್ಯಿ ಇದ್ದ ಹಾಗೆ, ಇಬ್ಬರಿಲ್ಲದೆ ಇದು ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ನಡೆಸುವವಳು ನನ್ನ ಹೆಂಡತಿ ಸುಗುಣ. ಸೇರಿದ ಸಭೆ ಎಂದರೆ ನಾನೊಬ್ಬನೇ, ನಮಗೆ ಮಕ್ಕಳಿಲ್ಲ. ಅವಳು ಚನ್ನರಾಯಪಟ್ಟಣದಲ್ಲಿ ಅಯ್ಯನವರಾಗಿದ್ದವರ, ಎಂದರೆ ಪಾದ್ರಿಯೊಬ್ಬರ ಮಗಳು. ಪುಸ್ತಕದ ಮುಖ ನೋಡದೆ, ಚಟ್ನಿಗೆ ಕಾಯಿ ತುರಿಯುತ್ತ ಇಡೀ ಕ್ರಮವನ್ನು ಹೇಳಿ ಮುಗಿಸಬಲ್ಲವಳು. ಇತ್ತ ನಾನು ಹಾಲಿನ ಡೈರಿಯ ಕೆಲಸಕ್ಕೆ ಹೊತ್ತಾಯಿತೆಂದು ಮನೆಯೆಲ್ಲ ಓಡಾಡುತ್ತಿದ್ದವನು. ಹೀಗಾಗಿ ನಮ್ಮ ಆರಾಧನೆ ಒಂದು ಕಡೆ ಕೂತು ನಡೆದದ್ದೇ ಕಡಿಮೆ. ಅವಳು ಒಲೆಯ ಮುಂದಿನಿಂದ ಒಂದು ಸಾಲು ಕೂಗಿದರೆ ನಾನು ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು ಬಚ್ಚಲಿನಿಂದ ಮರುನುಡಿಯುತ್ತಿದ್ದೆ. ಜೊತೆ ತಪ್ಪಿದ ಕಾಲುಚೀಲ ಹುಡುಕುತ್ತ ಮಂಚದ ಕೆಳಗೆ ತಲೆಯಿಟ್ಟು ಪಾಪನಿವೇದನೆ ಮಾಡಿದ್ದೇನೆ. ಬಾಯಲ್ಲಿ ಬ್ರಷ್ ಇದ್ದಾಗ ನಾನು ಹೇಳಿದ ಆಮೆನ್ ಯಾವ ಭಾಷೆಯದೆಂದು ದೇವರಿಗೂ ತಿಳಿದಿರಲಾರದು. ಆದರೆ ಅದು ಬರುವ ತನಕ ಸುಗುಣ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಕಾವಲಿಯ ಮೇಲೆ ದೋಸೆ ಸೀದು ಹೋದರೂ ಕಾಯುತ್ತಿದ್ದಳು.

ಅವಳು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಮೊದಮೊದಲು ನಾನು ಪ್ರಾರ್ಥನೆಯ ಗೋಜಿಗೇ ಹೋಗಲಿಲ್ಲ. ದೇವರ ಮೇಲೆ ಮುನಿಸಿಕೊಂಡೆ ಎಂದು ತಿಳಿಯಬೇಡಿ. ಅಂಥ ದೊಡ್ಡ ಮುನಿಸನ್ನು ಸಾಕುವ ಶಕ್ತಿ ನನಗಿಲ್ಲ. ಯಾರೂ ಕೂಗಲಿಲ್ಲ, ನಾನು ಓಗೊಡಲಿಲ್ಲ, ಅಷ್ಟೇ.

ನಮ್ಮ ಈಗಿನ ಅಯ್ಯನವರಿಗೆ ಇದು ಹೇಗೋ ಗೊತ್ತಾಯಿತು. ಅವರು ಭಾನುವಾರ ಹಾಸನದಲ್ಲಿ ಬೆಳಗಿನ ಆರಾಧನೆ ಮುಗಿಸಿ, ಹೊಳೆನರಸೀಪುರದಲ್ಲಿ ಇನ್ನೊಂದು ನಡೆಸಿ, ಸಂಜೆಯ ಹೊತ್ತಿಗೆ ಅರಕಲಗೂಡು ಮುಟ್ಟಬೇಕಾದ ಮನುಷ್ಯ. ಬುದ್ಧಿಮಾತನ್ನೂ ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಹೇಳುತ್ತಾರೆ. "ಹೊತ್ತು ಬದಲಾಯಿಸ್ಬೇಡಿ, ಜಾಗ ಬದಲಾಯಿಸ್ಬೇಡಿ. ಮನಸ್ಸು ಬರ್ಲಿ ಅಂತಂತೂ ಕಾಯ್ಲೇಬೇಡಿ. ನೀವು ದಿನಾ ಕೂತ್ಕೊಳ್ಳಿ, ಅದು ತಾನಾಗೇ ಬಂದು ಪಕ್ಕದಲ್ಲಿ ಕೂತ್ಕೊಳ್ಳುತ್ತೆ" ಎಂದು ಸ್ಕೂಟರಿನ ಕಿಕ್ ಒದ್ದು ಹೊರಟುಹೋದರು.

ಕೂತೆ. ಅಭ್ಯಾಸ ಎನ್ನುವುದರ ಸ್ವಭಾವ ನೋಡಿ. ಕಾಫಿಯ ಅಭ್ಯಾಸ ಮಾಡಿಕೊಳ್ಳಲು ನಾನು ಯಾರ ಉಪದೇಶವನ್ನೂ ಕೇಳಿರಲಿಲ್ಲ. ಫೋನಿನಲ್ಲಿ ಯಾರು ಯಾರದೋ ಮದುವೆಯ ಊಟದ ಎಲೆ ನೋಡುತ್ತ ಕೂರುವ ಅಭ್ಯಾಸಕ್ಕೆ ಅಲಾರಂ ಬೇಕಾಗಿರಲಿಲ್ಲ. ಪ್ರಾರ್ಥನೆಗೆ ಮಾತ್ರ ಎಲ್ಲವೂ ಬೇಕಾಯಿತು. ಕಿಟಕಿಯ ಪಕ್ಕಕ್ಕೆ ಕುರ್ಚಿ ಹಾಕಿಕೊಂಡೆ. ಕಿಟಕಿ ಇದ್ದರೆ ಬೀದಿಯೂ ಇರುತ್ತದಲ್ಲ. ಸೊಪ್ಪು ಮಾರುವವಳು ಬಂದಳು, ದುದ್ದದ ಕಡೆಯ ಬಸ್ಸು ಹಿಡಿಯಲು ಪಕ್ಕದ ಮನೆಯವರು ಓಡಿದರು, ಅವರಿಗೆ ಬಸ್ಸು ಸಿಕ್ಕಿತೋ ಇಲ್ಲವೋ ಎಂಬ ಚಿಂತೆಯಲ್ಲಿ ನಾನು ಒಂದು ಇಡೀ ಕೀರ್ತನೆಯನ್ನು ದಾಟಿಬಿಟ್ಟೆ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರೆ ನಿದ್ದೆ ಬಂತು. ಹಾಲಿಗೆ ಎಷ್ಟು ನೀರು ಬೆರೆತಿದೆ ಎಂದು ಕಂಡುಹಿಡಿಯುವುದೇ ಡೈರಿಯ ಪ್ರಯೋಗಾಲಯದಲ್ಲಿ ನನ್ನ ಉದ್ಯೋಗವಾಗಿತ್ತು. ನನ್ನ ಪ್ರಾರ್ಥನೆ ಕ್ಯಾನಿನಲ್ಲಿ ಬಂದಿದ್ದರೆ ನಾನೇ ಅದನ್ನು ವಾಪಸು ಕಳಿಸುತ್ತಿದ್ದೆ.

ಈ ಕ್ರಮವನ್ನು ಹೊಂದಿಸಿದವರ ಮೇಲೆ ಮಾತ್ರ ನನಗೆ ಗೌರವ ಹೆಚ್ಚಿತು. ಹಿಂದೆ ಕ್ರೈಸ್ತ ಮಠಗಳ ಸನ್ಯಾಸಿಗಳು ಹಗಲೂ ರಾತ್ರಿಯೂ ಹೊತ್ತುಹೊತ್ತಿಗೆ ಗಂಟೆ ಬಾರಿಸಿ ಪ್ರಾರ್ಥನೆಗೆ ಸೇರುತ್ತಿದ್ದರಂತೆ. ಸಂಸಾರಸ್ಥರಿಗೆ ಅದೆಲ್ಲ ಆಗದು ಎಂದು ಇಂಗ್ಲೆಂಡಿನ ಹಿರಿಯರು ಅದನ್ನು ಬೆಳಿಗ್ಗೆಗೆ ಮತ್ತು ಸಂಜೆಗೆ ಇಳಿಸಿದರು. ಹೊಲಕ್ಕೋ ಅಂಗಡಿಗೋ ಹೋಗಬೇಕಾದವನ ಪಾಡು ಅವರಿಗೆ ಅರ್ಥವಾಗಿತ್ತು. ಅವರಿಗೆ ಅರ್ಥವಾಗದೆ ಉಳಿದದ್ದು ಆಯಾ ದಿನದ ನಮ್ಮ ಮನಸ್ಥಿತಿ. ವೈರಿಗಳನ್ನು ನುಚ್ಚುನೂರು ಮಾಡು ಎಂದು ಮೊರೆಯಿಡುವ ಕೀರ್ತನೆ ಬಂದ ದಿನ ಎಷ್ಟು ಹುಡುಕಿದರೂ ನನಗೊಬ್ಬ ವೈರಿ ಸಿಗುವುದಿಲ್ಲ. ನಾಲ್ಕು ಜನ ಮಾತಾಡಿಸುವವರಿದ್ದರಲ್ಲವೇ ಅವರಲ್ಲೊಬ್ಬ ವೈರಿಯಾಗುವುದು? ಮನೆಯ ಮೂಲೆಮೂಲೆಯೂ ಬಿಕೋ ಎನ್ನುವ ದಿನ ತಾಳ ಬಾರಿಸಿ ಕುಣಿಯಿರಿ ಎನ್ನುವ ಕೀರ್ತನೆ ಬರುತ್ತದೆ. ಸುಗುಣ ಇದ್ದಾಗ ಇದನ್ನು ಹೇಳಿ ನಕ್ಕಿದ್ದೆ. "ಎಲ್ಲೋ ಯಾರೋ ಕುಣೀತಿರ್ತಾರಲ್ಲ, ಅವರ ಪರವಾಗಿ ಹೇಳಿ" ಅಂದಿದ್ದಳು.

ಹೇಗೋ ಅಭ್ಯಾಸ ಕುದುರತೊಡಗಿತು. ಅಲಾರಂ ಆಗುವ ಮೊದಲೇ ಎಚ್ಚರವಾಗುತ್ತಿತ್ತು. ಕುರ್ಚಿಗೂ ನನ್ನ ಗುರುತು ಹತ್ತಿತು. ಇನ್ನೇನು ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ಒಂದು ದಿನ ನನಗೇ ಹೊಳೆಯಿತು, ನಾನು ಹೇಳುತ್ತಿರುವುದು ನನ್ನ ಸಾಲುಗಳನ್ನು ಮಾತ್ರ. ನಡೆಸುವವರ ಸಾಲು ಬಂದಾಗ ಕಣ್ಣಿನಲ್ಲೇ ಅದನ್ನು ಓದಿ, ಸುಗುಣ ಹೇಳಲು ತೆಗೆದುಕೊಳ್ಳುತ್ತಿದ್ದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಬಾಯಿ ತೆರೆಯುತ್ತಿದ್ದೆ. ಇದು ತಪ್ಪು ಎಂದು ತಿಳಿದ ಮೇಲೂ ತಿದ್ದಿಕೊಳ್ಳಲು ಆಗಲಿಲ್ಲ. ಅವಳ ಸಾಲು ಬಂದರೆ ಬೆರಳು ಅದನ್ನು ದಾಟಿ ನನ್ನ ಸಾಲಿಗೆ ಹೋಗಿ ನಿಲ್ಲುತ್ತಿತ್ತು.

ಅವಳ ಸೀರೆಗಳನ್ನು ಹೊಳೆನರಸೀಪುರದ ನಾದಿನಿ ಬಂದು ತೆಗೆದುಕೊಂಡು ಹೋಗಿದ್ದಾಳೆ. ಕನ್ನಡಕ ಯಾರಿಗೋ ಕೊಟ್ಟಾಯಿತು. ಅಡುಗೆಮನೆಯ ಡಬ್ಬಿಗಳಲ್ಲಿ ಈಗ ನನಗೆ ಸಿಕ್ಕಿದ ಹಾಗೆ ಬೇಳೆ ಬೆಲ್ಲ ತುಂಬಿಟ್ಟಿದ್ದೇನೆ. ದಿನದಲ್ಲಿ ಅವಳಿಗೆಂದು ಉಳಿದಿದ್ದ ಜಾಗ ಎಂದರೆ ನನ್ನ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವಿನ ಆ ಮೌನಗಳು. ಅಲ್ಲೂ ನಾನೇ ಮಾತಾಡಿಬಿಟ್ಟರೆ ಅವಳು ನಿಜವಾಗಿ ಹೋದ ಹಾಗೆ. ಮಾತಾಡದಿದ್ದರೆ ನಾನು ಮಾಡುತ್ತಿರುವುದು ಪ್ರಾರ್ಥನೆಯಲ್ಲ, ಬರೀ ಕಾಯುವುದು. ದೇವರು ಬೇಕೋ ಹೆಂಡತಿ ಬೇಕೋ ಎಂದು ಯಾರೋ ಕೇಳಿದಂತಾಗಿತ್ತು. ನಾನು ದಿನವೂ ಬೆಳಿಗ್ಗೆ ಎದ್ದು, ತಪ್ಪದೆ, ಹೆಂಡತಿ ಎನ್ನುತ್ತಿದ್ದೆ.

ಕೆಳಗಿನ ಮನೆಯಲ್ಲಿ ಗಿರಿಜಮ್ಮನವರಿದ್ದಾರೆ. ಮನೆ ಅವರದೇ, ಮೇಲಿನ ಭಾಗದಲ್ಲಿ ನಾವು ಹಳೆಯ ಬಾಡಿಗೆದಾರರು. ಅವರ ಯಜಮಾನರಿಗೆ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ. ಗಿರಿಜಮ್ಮ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತರೆ ಬಾಗಿಲಿಗೆ ಯಾರು ಬಂದರೂ ಏಳುವುದಿಲ್ಲ. ನನಗೆ ಅವರನ್ನು ಕಂಡರೆ ಸ್ವಲ್ಪ ಅಸೂಯೆ. ಅವರ ದೇವರು ಅವರ ಕೈಯಲ್ಲೇ ಇದ್ದಾನೆ, ನಡುವೆ ಇನ್ನೊಬ್ಬರ ಅಗತ್ಯವಿಲ್ಲ. ಗಂಡ ಊರಿಗೆ ಹೋದರೂ, ಸಂಸಾರವೇ ತಿರುಗಿಬಿದ್ದರೂ ಅವರ ಪೂಜೆಯಲ್ಲಿ ಒಂದು ಹೂವೂ ಕಮ್ಮಿಯಾಗುವುದಿಲ್ಲ.

ಒಂದು ದಿನ ಮೆಟ್ಟಿಲಿನ ಹತ್ತಿರ ತಡೆದು ನಿಲ್ಲಿಸಿದರು.

"ಸಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ದಿನಾ ಬೆಳಗ್ಗೆ ನೀವು ಯಾರ್ಗ್ ಸಾ ಉತ್ರ ಕೊಡ್ತಿರ್ತೀರಿ?"

ನಾಚಿಕೆಯಾಯಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಡೆಸುವ ಸಾಲುಗಳು ಸುಗುಣಳವು, ನಾನು ಅವನ್ನು ಮುಟ್ಟಿಲ್ಲ, ಮುಟ್ಟಲು ಮನಸ್ಸಿಲ್ಲ ಎಂದೆ. ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡಿದ್ದೆ, ಅವರು ಅನ್ನಲಿಲ್ಲ.

"ಅದೇ ಅನ್ಕಂಡೆ. ಅಮ್ಮಾರು ದಿನಾ ಎಲ್ಲಾರ್ಗೂ ಒಳ್ಳೇದ್ ಮಾಡಪ್ಪಾ ಅಂತ ಬೇಡ್ಕಳೋರು. ಕಾಯ್ಲೆ ಬಿದ್ದೋರ್ಗೆ, ದಾರೀಲ್ ಓಗೋರ್ಗೆ, ಎಲ್ಲಾರ್ಗೂವೆ. ಕೆಳಗಿರೋ ನಮ್ಮನ್ನೂ ಸೇರ್ಸ್ಕಂಡೇ ಅಂತಾವ್ರೆ ಅಂತ ನಾನೂ ಒಂದ್ ಗಳಿಗೆ ನಿಂತ್ ಕೇಳ್ಕಂಡ್ ಓಯ್ತಿದ್ದೆ. ಈಗ ಬೇಡ್ಕಳೋರೇ ಇಲ್ಲ. ಅಂಗೇ ಆಗ್ಲಿ, ಅಂಗೇ ಆಗ್ಲಿ ಅಂತ ನೀವೊಬ್ರೇ ಅಂತೀರಿ. ಏನ್ ಆಗ್ಲಿ ಸಾ?"

ಇಷ್ಟು ಹೇಳಿ ಅವರು ಒಣಗಿದ ಬಟ್ಟೆ ತರಲು ಹೋದರು. ನಾನು ಮೆಟ್ಟಿಲು ಹತ್ತಿ ಮೇಲೆ ಬಂದು ಕೂತೆ. ಇಷ್ಟು ದಿನ ಆ ಸಾಲುಗಳು ಸುಗುಣಳ ಸ್ವಂತದವು, ಆಮೇಲೆ ನನ್ನವು ಎಂದು ಗಂಟುಕಟ್ಟಿ ಇಟ್ಟುಕೊಂಡಿದ್ದೆ. ಅವು ಮೆಟ್ಟಿಲಿಳಿದು ಹೋಗಿ ಇನ್ನೊಬ್ಬರ ಬೆಳಗಿಗೂ ಸೇರಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಕೂಗಿ ಹೇಳುತ್ತಿದ್ದದ್ದು ಬಚ್ಚಲಲ್ಲಿದ್ದ ನನಗೆ ಕೇಳಲಿ ಎಂದು. ಕೇಳಿಸಿದ್ದು ಮಾತ್ರ ಎಲ್ಲರಿಗೂ. ಅವಳನ್ನು ಉಳಿಸಿಕೊಳ್ಳುತ್ತೇನೆ ಎಂದು ಹೊರಟು ನಾನು ಅವಳ ಬಾಯನ್ನೇ ಮುಚ್ಚಿಸಿದ್ದೆ. ಅಂದು ಚೆನ್ನಾಗಿ ಅತ್ತೆ. ಮನೆಯಲ್ಲಿ ಒಬ್ಬನೇ ಇರುವುದರ ಒಂದು ಅನುಕೂಲ ಅದು.

ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ, ಅವಳ ಮೊದಲ ಸಾಲನ್ನು ಹೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಎರಡನೆಯದನ್ನೂ ಹೇಳಿದೆ. ನಿಲ್ಲಿಸಿಬಿಡೋಣ ಎನಿಸಿತು, ನಿಲ್ಲಿಸಲಿಲ್ಲ. ಕಾಯಿಲೆಯವರ ಹೆಸರುಗಳು ಬರುವ ಹೊತ್ತಿಗೆ ದನಿ ಹದಕ್ಕೆ ಬಂದಿತ್ತು. ಅವಳು ಎಂದೂ ಬಿಡದೆ ಸೇರಿಸುತ್ತಿದ್ದ ಹಾಗೆ ದಾರಿಯಲ್ಲಿರುವವರಿಗಾಗಿ ಕೇಳಿಕೊಂಡೆ. ಅರಕಲಗೂಡಿನ ದಾರಿಯಲ್ಲಿ ಸ್ಕೂಟರ್ ಓಡಿಸುವವರನ್ನು ನಾನಾಗಿ ಸೇರಿಸಿದೆ. ಕೆಳಗಿನ ಮನೆಯವರನ್ನು ಹೆಸರು ಹಿಡಿದು ಸೇರಿಸಿದೆ. ಒಂದೆರಡು ಕಡೆ ಸಾಲಿನ ಕೊನೆಯನ್ನು ಎಳೆದದ್ದು ಥೇಟ್ ಅವಳ ಹಾಗೆಯೇ ಇತ್ತು. ಅವಳು ಹೋದ ಹಾಗೆ ಆಗಲಿಲ್ಲ. ತೀರ ಹತ್ತಿರದಲ್ಲಿ ಬಂದು ನಿಂತ ಹಾಗಾಯಿತು.

ಕೊನೆಯ ಪ್ರಾರ್ಥನೆಯನ್ನೂ ಮುಗಿಸಿ ಸುಮ್ಮನಾದೆ. ಸುಮ್ಮನೆ ಕೂತೇ ಇದ್ದೆ. ನಡೆಸುವವರು ಅಲ್ಲಿ ಕಾಯಬೇಕು, ಕ್ರಮ ಇರುವುದೇ ಹಾಗೆ. ಕಾಯುವುದರಲ್ಲಿ ಎಷ್ಟು ಮುಳುಗಿಹೋಗಿದ್ದೆ ಎಂದರೆ, ಯಾರಿಗಾಗಿ ಕಾಯುತ್ತಿದ್ದೇನೆ ಎನ್ನುವುದೇ ಮರೆತಿತ್ತು.

ಮೆಟ್ಟಿಲಿನ ಬುಡದಿಂದ ಗಿರಿಜಮ್ಮನ ದನಿ ಬಂತು.

"ಆಮೆನ್ ಅನ್ನೋದು ನೀವೇ ಕಣ್ ಸಾ. ಅಂಗೇ ಬುಟ್ಬುಟ್ರೆ ಎಂಗೆ?"

ಅವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಅಂದೆ. ಕೆಳಗೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಅವರ ಪೂಜೆಗೆ ಹೊತ್ತಾಗಿತ್ತು.