ಕಣ್ಣು ಕಟ್ಟಿಕೊಂಡು ಬಾಗಿಲು ಹುಡುಕುವಾಕೆ

ಮಿಶಿಗನ್ ಸರೋವರದ ಮೇಲೆ ಬೆಳಕು ಹರಿಯುತ್ತಿದೆ. ವಿಸ್ಕಾನ್ಸಿನ್‌ನ ಈ ದಡದ ಊರಿನಲ್ಲಿ, ಗೋರ್ಡಿ ಸ್ಟಾಲ್ ಅವರ ಹೊಸ ಹೋಟೆಲಿನೊಳಗೆ, ಅರವತ್ತು ದಾಟಿದ ಹೆಂಗಸೊಬ್ಬರು ಕಣ್ಣಿಗೆ ಸ್ಕಾರ್ಫ್ ಬಿಗಿದು ಅಂಬೆಗಾಲಿಡುತ್ತಿದ್ದಾರೆ. ಬಲಗೈ ಗೋಡೆ ಸವರುತ್ತಿದೆ. ಬಣ್ಣ ಬಳಿಯುವವರು ಮುಸಿಮುಸಿ ನಗುತ್ತಾರೆ. ಆ ಕೈ ಹಿಂಬಾಗಿಲನ್ನು ಮುಟ್ಟುತ್ತದೆ. ಅದು ಬಾಗಿಲೆಂದು ತಿಳಿಯದೆ ಮುಂದಕ್ಕೆ ಹೋಗುತ್ತದೆ. ನಗು ನಿಲ್ಲುತ್ತದೆ.

ಇವರು ಆರ್ಲಿಸ್ ವೊಯ್ಟಾ. ಹೋಟೆಲು, ಆಸ್ಪತ್ರೆ, ಕಚೇರಿಗಳ ಒಳಾಂಗಣ ವಿನ್ಯಾಸ ಇವರ ಕಸುಬು. ಬಹುಕಾಲ ಇವರ ನಕ್ಷೆಗೆ, ಜಾಗವನ್ನೇ ನೋಡದ ಯಾರೋ ವಾಸ್ತುಶಿಲ್ಪಿ ಮುದ್ರೆ ಒತ್ತುತ್ತಿದ್ದರು. “ಪರದೆ ಬಣ್ಣ ಆರ್ಸೋ ಅಮ್ಮ ಬಂದ್ರು ಅನ್ನೋರು,” ಎಂದು ಆರ್ಲಿಸ್ ನನ್ನತ್ತ ನೋಡಿ ನಗುತ್ತಾರೆ. ಆಮೇಲೆ, ಒಳಾಂಗಣ ವಿನ್ಯಾಸಕರೂ ತಮ್ಮ ನಕ್ಷೆಗೆ ತಾವೇ ಮುದ್ರೆ ಒತ್ತಬಹುದೆಂದು ರಾಜ್ಯ ಕಾನೂನು ತಂದಿತು. ಇವರು ಪರೀಕ್ಷೆ ಬರೆದು ನೋಂದಾಯಿಸಿಕೊಂಡರು. ಈಗ ಮುದ್ರೆ ಇವರದೇ. ಹೆಚ್ಚುಕಮ್ಮಿಯಾದರೆ ಕೇಳುವುದೂ ಇವರನ್ನೇ.

ಬಾಗಿಲಿನ ತಪ್ಪೂ ಇವರದೇ. ಅಕ್ರೋಟು ಮರದ ಗೋಡೆ ಒಂದೇ ಹರವಾಗಿ ಕಾಣಲೆಂದು ಬಾಗಿಲ ಕೆಳಭಾಗಕ್ಕೂ ಅದೇ ಹಲಗೆ ಹೊದಿಸಿದ್ದರು. ಮೇಲೆ ಹೊರದಾರಿ ತೋರುವ ಕೆಂಪು ದೀಪವಿದೆ, ಸೊಂಟದೆತ್ತರಕ್ಕೆ ತಳ್ಳುವ ಸರಳಿದೆ. ತಪಾಸಣೆಯವರು ಒಪ್ಪಿ ಹೋಗಿದ್ದಾರೆ. ಆದರೆ ಬೆಂಕಿ ಬಿದ್ದು ಹೊಗೆ ಮೇಲೆ ತುಂಬಿದಾಗ ಜನ ನೆಲದ ಮೇಲೆ ತೆವಳುತ್ತಾರೆ.

ಇಂದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಕ್ರೈಸ್ತರು ಮಾಂಸ ಬಿಟ್ಟು ಮೀನು ತಿನ್ನುವ ದಿನ. ಸಂಜೆ ಊರೆಲ್ಲ ಮೀನೂಟಕ್ಕೆ ಇಲ್ಲಿಗೇ ಬರುವುದಿದೆ. ಕೆಲಸ ಸರಿಯಿದೆಯೆಂದು ಆರ್ಲಿಸ್ ಸಹಿ ಹಾಕದೆ ಹೋಟೆಲು ತೆರೆಯುವಂತಿಲ್ಲ.

“ಕಾನೂನೇ ಒಪ್ಪಿದೆ. ನೀವ್ಯಾಕೆ ಅದಕ್ಕಿಂತ ದೊಡ್ಡೋರಾಗ್ತೀರಿ?” ಗೋರ್ಡಿ ಅವರ ಕತ್ತಿನ ನರ ಉಬ್ಬಿದೆ.

ಆರ್ಲಿಸ್ ಸ್ಕಾರ್ಫ್ ಬಿಚ್ಚಿ ಅವರ ಕೈಗಿಡುತ್ತಾರೆ.

ಗೋರ್ಡಿ ಗೊಣಗುತ್ತಲೇ ಮಂಡಿಯೂರುತ್ತಾರೆ. ತೆವಳುತ್ತಾರೆ. ಬಾಗಿಲು ಕೈಗೆ ತಿಳಿಯದೆ ಅದನ್ನು ದಾಟಿ ಮುಂದೆ ಹೋಗುತ್ತಾರೆ. ಮೂಲೆಗೆ ತಲೆ ತಾಗುತ್ತದೆ. ಎರಡೂ ಕಡೆ ತಡಕುತ್ತಾರೆ, ಉಸಿರು ಜೋರಾಗುತ್ತದೆ. ಅಡುಗೆಮನೆಯಲ್ಲಿ ಮೀನು ಹೆಚ್ಚುವ ಸದ್ದೂ ನಿಂತಿದೆ.

“ನನ್ ಹೋಟ್ಲು,” ಅವರು ಸ್ಕಾರ್ಫ್ ಕಿತ್ತೆಸೆದು ಮೆಲ್ಲಗೆ ಹೇಳುತ್ತಾರೆ. “ನಂಗೇ ಸಿಗ್ಲಿಲ್ಲ.”

ಬಡಗಿ ಬಾಗಿಲ ಹಲಗೆಗಳನ್ನು ಮೀಟುತ್ತಾನೆ. ಒಂದೊಂದು ಸೀಳಿದಾಗಲೂ ಆರ್ಲಿಸ್ ಮುಖ ಆಚೆ ತಿರುಗಿಸುತ್ತಾರೆ; ಇಷ್ಟು ಚೆಂದದ ಗೋಡೆ ತಾನು ಹಿಂದೆಂದೂ ಮಾಡಿಸಿರಲಿಲ್ಲ ಎನ್ನುತ್ತಾರೆ. ಕೊನೆಗೆ ಬೋಳು ಬಾಗಿಲು, ಕೈಗೆ ತಾಕುವಂಥ ದಪ್ಪ ಅಂಚು. ಆಕೆ ಶಿಲುಬೆಯ ಗುರುತು ಮಾಡಿಕೊಂಡು ಮತ್ತೆ ಕಣ್ಣು ಕಟ್ಟಿಕೊಳ್ಳುತ್ತಾರೆ. ಈ ಸಲ ಕೈ ತಾನಾಗಿಯೇ ನಿಲ್ಲುತ್ತದೆ. ತಳ್ಳುತ್ತಾರೆ, ಸರೋವರದ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ.

ಸಹಿ ಹಾಕಿ, ಮುದ್ರೆ ಒತ್ತಿ, ಆರ್ಲಿಸ್ ಮಂಡಿಯ ಧೂಳು ಕೊಡವಿಕೊಳ್ಳುತ್ತಾರೆ. ಇನ್ನೇನು ಆಸೆ ಎಂದು ನಾನು ಕೇಳುತ್ತೇನೆ.

“ಆ ಬಾಗ್ಲು ಯಾರಿಗೂ ಬೇಕಾಗೋದ್ ಬೇಡ. ಎಲ್ರೂ ಮೀನು ತಿಂದು, ಮುಂದಿನ ಬಾಗ್ಲಿಂದಾನೇ ಮನೆಗ್ ಹೋಗ್ಲಿ.”