ಮನಸ್ಸು ಓದುವ ಭಾವ

ಭಾವನ ಎಡಗೆನ್ನೆ ಯಾವಾಗಲೂ ಸ್ವಲ್ಪ ಉಬ್ಬಿರುತ್ತಿತ್ತು. ಒಳಗೆ ಒಂದು ತುಂಡು ಕಲ್ಲುಸಕ್ಕರೆ. ಗಂಟಲು ಕೈಕೊಡಬಾರದಲ್ಲ, ಅದಕ್ಕೆ. ಹಗಲೆಲ್ಲ ಕಟಪಾಡಿಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಮನುಷ್ಯ, ಸಂಜೆಯಾದರೆ ಕಪ್ಪು ಕೋಟು ತೊಟ್ಟು ಮನಸ್ಸು ಓದುವ ಆಟಕ್ಕೆ ಹೊರಡುತ್ತಿದ್ದರು. ನಮ್ಮೂರಿನ ಸೆಕೆಯಲ್ಲಿ ಕೋಟು! ನೋಡಿದರೆ ನನಗೇ ಬೆವರು ಬರುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ನಾಲ್ಕು ಜನರನ್ನು ಕಂಡರೆ ಅಕ್ಕನಿಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಸ್ಟೇಜಿನ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುವ ಕರ್ಮ ನನ್ನ ತಲೆಗೆ ಬಂತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಗಲಿಡೀ ಹೊಲಿಗೆ ಮೆಷಿನ್ ತುಳಿದು ಸೊಂಟ ಬಿದ್ದುಹೋಗಿರುತ್ತಿತ್ತು. ಅದರ ಮೇಲೆ ಬಸ್ಸು ಹತ್ತಿ ಯಾವುದೋ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಹೋಗಬೇಕು, ಅಧ್ಯಕ್ಷರ ಭಾಷಣ ಮುಗಿಯುವ ತನಕ ಆಕಳಿಸುತ್ತ ಕಾಯಬೇಕು.

ಆಟ ಇಷ್ಟೇ. ಭಾವ ಜನರ ನಡುವೆ ಹೋಗಿ ಯಾರದೋ ಕೈಯಿಂದ ಒಂದು ವಸ್ತು ತೆಗೆದುಕೊಂಡು ನನ್ನನ್ನು ಕೇಳುತ್ತಿದ್ದರು. "ಬೇಗ ಹೇಳು" ಎಂದರೆ ವಾಚು. "ಸರಿಯಾಗಿ ಹೇಳು" ಎಂದರೆ ಪೆನ್ನು. "ನೋಡುವಾ, ಹೇಳು" ಎಂದರೆ ಬಾಚಣಿಗೆ. ಗಂಡಸರ ವಸ್ತುವಾದರೆ ಒಂದು ಸಣ್ಣ ಕೆಮ್ಮು. ಬಸ್ಸಿನ ಸೀಟಿನಲ್ಲಿ ಕೂತು ಇದನ್ನೇ ಉರು ಹೊಡೆದು ಹೊಡೆದು ನನ್ನ ತಲೆ ಕೆಟ್ಟಿತ್ತು. ಮನೆಯಲ್ಲಿ ಅಕ್ಕ "ಊಟಕ್ಕೆ ಎಂತ ಬೇಕು, ಬೇಗ ಹೇಳು" ಎಂದರೆ ಬಾಯಿಗೆ "ವಾಚು" ಎಂದು ಬರುತ್ತಿತ್ತು.

ನಮ್ಮ ಕಡೆ ಒಂದು ತೊಂದರೆ ಉಂಟು. ಭೂತಕೋಲದಲ್ಲಿ ಮೈಮೇಲೆ ಬಂದ ದೈವದ ನುಡಿ ಕೇಳಿ ಬೆಳೆದ ಜನ. ಕಣ್ಣು ಕಟ್ಟಿಕೊಂಡು ಒಬ್ಬಳು ಹೇಳಿದ್ದೆಲ್ಲ ಸರಿಯಾದರೆ ಅದನ್ನು ಬರೀ ಆಟ ಎಂದು ಬಿಟ್ಟುಬಿಡುವುದಿಲ್ಲ. ಮುಗಿದದ್ದೇ ವೀಳ್ಯದೆಲೆ ಹಿಡಿದು ಪರದೆಯ ಹಿಂದೆ ಬರುತ್ತಿದ್ದರು. ಕಳೆದುಹೋದ ಹಸು ಎಲ್ಲಿದೆ, ಮಗಳ ಸಂಬಂಧ ಕೂಡಿಬರುತ್ತದೋ ಎಂದು ಪ್ರಶ್ನೆ. ಭಾವ ಕೈಮುಗಿದು, "ನಮ್ಮದು ಆಟ ಮಾರಾಯ್ರೆ, ನುಡಿ ಅಲ್ಲ" ಎನ್ನುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡು ಇನ್ನಷ್ಟು ನಂಬುತ್ತಿದ್ದರು.

ಹಿರಿಯಡ್ಕದ ಆಟದಲ್ಲಿ ಭಾವ "ನೋಡುವಾ, ಹೇಳು" ಎಂದು ಕೆಮ್ಮಿದರು. ನಾನು "ಬಾಚಣಿಗೆ, ಗಂಡಸರದ್ದು" ಎಂದೆ. ಅದು ಗಂಡಸರು ಜೇಬಿನಲ್ಲಿಡುವಂಥದ್ದು, ಕೊಟ್ಟವಳು ಹೆಂಗಸು; ಹಾಗಾಗಿ ಚಪ್ಪಾಳೆಯೋ ಚಪ್ಪಾಳೆ. ಆಟ ಮುಗಿದ ಮೇಲೆ ಅವಳು ಒಳಗೆ ಬಂದಳು. ಬಾಗಲಕೋಟೆ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದು ಪರ್ಕಳದಲ್ಲಿ ಬಾಡಿಗೆ ರೂಮಿನಲ್ಲಿದ್ದಳು. ಸೊಂಟದ ಮೇಲೊಂದು ಹೆಣ್ಣು ಕೂಸು. ಇಲ್ಲಿಯವರು ಹೇಳಿಕೊಟ್ಟಿರಬೇಕು, ಅವಳ ಕೈಯಲ್ಲೂ ವೀಳ್ಯದೆಲೆ.

ಬಾಚಣಿಗೆ ತೋರಿಸಿ ಅವಳೆಂದಳು, "ಈ ಹಣಗಿ ನನ್ನ ಗಂಡಂದರಿ ಅಕ್ಕಾ. ನೀವು ಕಣ್ಣು ಮುಚ್ಚಿ ಹೇಳಿದ್ರಿ. ಅಂವ ಬಿಟ್ಟು ಹೋಗ್ಯಾನ. ಕಾರ್ಕಳದಾಗ ಹಾಸ್ಟೆಲ್ ಅಡಿಗಿ ಕೆಲಸಕ್ಕ ಕರದಾರ, ಇರಾಕ ಜಾಗಾನೂ ಕೊಡ್ತಾರ. ಆದ್ರ ಅಂವ ಬಂದ್ರ ಪರ್ಕಳದ ರೂಮಿಗೇ ಬರಬೇಕಲ್ರಿ. ಅಂವ ಬರ್ತಾನೇನು, ಒಂದು ಮಾತು ಹೇಳ್ರಿ."

ಯುವಕ ಮಂಡಲದ ಕಾರ್ಯದರ್ಶಿ, "ಪಾಪ, ಬರ್ತಾನೆ ಅಂತ ಹೇಳಿಬಿಡಿ ಮಾರಾಯ್ರೆ, ಸಮಾಧಾನ ಆಗ್ಲಿ" ಎಂದರು. ನನಗೂ ಒಂದು ಮಾತು ಹೇಳಿ ಬಸ್ಸು ಹಿಡಿದರೆ ಸಾಕಾಗಿತ್ತು. ಭಾವ ತಮ್ಮ ಮಾಮೂಲಿ ಮಾತು ಹೇಳಿ ಕೈಮುಗಿದರು. ಅವಳು ಬಗ್ಗಿ ಅವರ ಕಾಲು ಹಿಡಿದಳು.

ಭಾವ ಅವಳನ್ನು ಹಿಡಿದೆಬ್ಬಿಸಿದರು. ಆಮೇಲೆ ಕೂಸನ್ನು ನನ್ನ ಕೈಗೆ ಕೊಡಿಸಿ, ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ನನ್ನ ಕಪ್ಪು ಬಟ್ಟೆಯನ್ನೇ ಅವಳ ಕಣ್ಣಿಗೆ ಕಟ್ಟಿದರು. "ನಾನು 'ಬೇಗ' ಅಂದ್ರೆ ನೀವು ವಾಚು ಅನ್ನಬೇಕು. 'ಸರಿಯಾಗಿ' ಅಂದ್ರೆ ಪೆನ್ನು. 'ನೋಡುವಾ' ಅಂದ್ರೆ ಬಾಚಣಿಗೆ, ಕೆಮ್ಮಿದ್ರೆ ಗಂಡಸರದ್ದು. ಆಯ್ತಾ?" ಕಾರ್ಯದರ್ಶಿಯ ವಾಚು ಬಿಚ್ಚಿಸಿಕೊಂಡು ಕೇಳಿದರು. ಅವಳು ಹೇಳಿದಳು. ಪೆನ್ನು ಹಿಡಿದು ಕೇಳಿದರು. ಅದನ್ನೂ ಹೇಳಿದಳು. ಕುರ್ಚಿ ಹೊರುತ್ತಿದ್ದವರೆಲ್ಲ ನಿಂತು ನೋಡಿ ನಗತೊಡಗಿದರು.

ಅವಳು ಬಟ್ಟೆ ಬಿಚ್ಚಿ, "ಇಷ್ಟೇ ಏನ್ರಿ?" ಎಂದಳು.

"ಇಷ್ಟೇ ಅಮ್ಮ. ನಮಗೆ ಎಂತ ಸಹ ಗೊತ್ತಿಲ್ಲ."

ಅವಳು ಬಾಯಿ ತುಂಬ ಬೈದಳು. ಬೈದು, ಅತ್ತು, ಕೂಸನ್ನು ಕಸಿದುಕೊಂಡು ಹೋದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಭಾವನಿಗೆ ಬೆನ್ನು ಹಾಕಿ ಕೂತೆ. ಇಷ್ಟು ವರ್ಷ ಅಕ್ಕನಿಗೂ ಹೇಳದೆ ಕಾಪಾಡಿದ ಗುಟ್ಟನ್ನು ಹತ್ತು ಜನರ ಎದುರು ಹರವಿ ಹಾಕಿದರಲ್ಲ! ಕೊನೆಗೆ ಅವರೇ, "ಅವಳು ನಮ್ಮ ಬಾಯಿ ನೋಡಿ ಬದುಕ್ಲಿಕ್ಕೆ ಹೊರಟಿದ್ಳು, ಎಂತ ಮಾಡುವುದು?" ಎಂದರು. ಮುಂದೆ ಕಾಪುವಿನ ಆಟದಲ್ಲಿ ಭಾವ "ನೋಡುವಾ" ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ "ಬಾಚಣಿಗೆ!" ಎಂದು ಕೂಗು ಬಂತು. ಸಭೆಗೆ ಸಭೆಯೇ ನಕ್ಕಿತು. ಆಮೇಲೆ ಯಾರೂ ಕರೆಯಲಿಲ್ಲ. ಭಾವ ಕೋಟು ಮಡಿಸಿಟ್ಟು ಪಂಕ್ಚರ್ ಹಾಕುತ್ತ ಉಳಿದರು. ಒಂದು ದಿನವೂ ಗೊಣಗಿದ್ದಿಲ್ಲ. ಗೊಣಗಿದ್ದೆಲ್ಲ ನಾನೇ.

ಕೆಲವು ವರ್ಷಗಳ ಮೇಲೆ ಎದೆನೋವು ಬಂದು ಅವರು ಹೋಗಿಬಿಟ್ಟರು. ಅಕ್ಕನನ್ನು ಸುಧಾರಿಸುವುದು, ಬಂದವರಿಗೆ ಬಡಿಸುವುದು, ಇದರಲ್ಲಿ ನನಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಉತ್ತರಕ್ರಿಯೆಯ ದಿನ ಊಟದ ಪಂಕ್ತಿ ಎದ್ದ ಮೇಲೆ ಒಬ್ಬ ಹೆಂಗಸು ಅಂಗಳದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ. ಸುದ್ದಿ ಹೇಗೋ ಕಿವಿಗೆ ಬಿದ್ದು ಕಾರ್ಕಳದಿಂದ ಬಂದಿದ್ದಳಂತೆ. ಮಾತಿನಿಂದ ಗುರುತು ಹಿಡಿದೆ.

"ಗಂಡ ಬಂದನಾ?" ಎಂದು ಕೇಳಿದೆ.

"ಇಲ್ಲರಿ ಅಕ್ಕಾ. ನಾನೂ ಕಾಯ್ಲಿಲ್ಲ. ಅವತ್ತ ಇವರು ಬರ್ತಾನ ಅಂದಿದ್ರ, ನಾ ಇವತ್ತಿಗೂ ಆ ರೂಮಿನಾಗ ಬಾಗಲಾ ನೋಡ್ಕೋತ ಕುಂದರ್ತಿದ್ನಿ."

ಭಾವ ಹೋದ ದಿನ ಬಾರದ ಅಳು ನನಗೆ ಆಗ ಬಂತು.